ಟೈಪು ಮಿಷನ್ನೂ ಕ್ವಿನೈನ್ ಮಾತ್ರೆಯೂ

ನನ್ನ ಏಳಿಗೆಯೂ ಕಂಪನಿಯ ಏಳಿಗೆಯೂ ಜೋಡೆತ್ತುಗಳಂತೆ ಒಟ್ಟಿಗೆ ನಡೆಯುತ್ತವೆಂದು ನಾನು ಪೂರ್ತಿ ಒಂದು ತಿಂಗಳು ನಂಬಿದ್ದೆ. ಆಗ ಕಳಸದ ಹತ್ತಿರ ಬಿಳಿಯರ ಕಂಪನಿಯೊಂದರ ಕಾಫಿ ತೋಟದಲ್ಲಿ ನಾನು ರೈಟರ್. ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಉಳಿದ ಹೊತ್ತು ದೊರೆಯ ಕಣ್ಣಿಗೆ ಬೀಳದಂತೆ ಇರುವವನು.

ಒಂದು ದಿನ ಬಿದ್ದೆ. ದೊರೆ ಕರೆದು, ಕಚೇರಿಗೆ ಟೈಪು ಮಿಷನ್ ಬಂದಿದೆ, ಆಳುಗಳ ಮನೆಸಾಲಾದ ಕೂಲಿಲೈನಿಗೆ ಮಲೇರಿಯಾ ಬಂದಿದೆ, ಎರಡರಲ್ಲಿ ಒಂದನ್ನು ನೋಡಿಕೋ, ನಿನಗೂ ಕಂಪನಿಗೂ ಒಳ್ಳೆಯದಾಗುವುದನ್ನು ನೀನೇ ಆರಿಸು ಎಂದರು. ಇಂಥ ಔದಾರ್ಯಕ್ಕೆ ಯಾರ ಕಣ್ಣಾದರೂ ತುಂಬಬೇಕು. ನಾನು ಟೈಪು ಆರಿಸಿದೆ. ಟೈಪು ಕಲಿತವನು ಚಿಕ್ಕಮಗಳೂರಿನ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಬಹುದು. ಮಲೇರಿಯಾಕ್ಕೆ ಕ್ವಿನೈನ್ ಮಾತ್ರೆ ಹಂಚುವವನು ಎಲ್ಲಿ ಕೂರುತ್ತಾನೆ?

ಆಳುಗಳ ಮೇಸ್ತ್ರಿ ರಂಗಪ್ಪ ಮಾತ್ರ ಕೇಳಿದ: “ಮಾತ್ರೆ ಕೊಡೋಕೆ ಯಾರು ಬರ್ತಾರೆ ರೈಟ್ರೇ?”

“ಕಂಪನಿ ಯಾರನ್ನಾದ್ರೂ ಕಳಿಸ್ತದೆ ಮಾರಾಯ. ನಾನು ಮುಂದೆ ಬರೋದು ಬೇಡ್ವಾ?”

ಬೇಡ ಎನ್ನುವಷ್ಟು ಒರಟನಲ್ಲ ಅವನು.

ಕಂಪನಿ ಯಾರನ್ನೂ ಕಳಿಸಲಿಲ್ಲ. ಮಾತ್ರೆಯ ಡಬ್ಬಿ ಕಚೇರಿಯ ಬೀರುವಿನಲ್ಲೇ ಉಳಿಯಿತು. ಅದರ ಪಕ್ಕದಲ್ಲೇ ಕೂತು ನಾನು ಟಕಟಕ ಕಲಿತೆ. ತಿಂಗಳೊಳಗೆ ಎಷ್ಟು ನುರಿತೆನೆಂದರೆ, ಆಳುಗಳ ಆರೋಗ್ಯ ತೃಪ್ತಿಕರವಾಗಿದೆ ಎಂದು ದೊರೆ ಹೇಳಿದ ವರದಿಯನ್ನು ಒಂದಕ್ಷರ ತಪ್ಪದೆ ಹೊಡೆದೆ. ದೊರೆ ಬೆನ್ನು ತಟ್ಟಿದರು. ಅಂದು ಹಾಜರಿಗೆ ಬಂದವರು ಒಂಬತ್ತೇ ಜನ. ಕೊಯ್ಯುವವರಿಲ್ಲದೆ ಹಣ್ಣು ಗಿಡದಲ್ಲೇ ಒಣಗುತ್ತಿತ್ತು.

ರಂಗಪ್ಪನೂ ಬಂದಿರಲಿಲ್ಲ. ಲೈನಿಗೆ ಹೋದರೆ, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡು ಕಂಬಳಿಯೊಳಗೂ ಅವಳು ನಡುಗುತ್ತಿದ್ದಳು. “ಕೂತ್ಕೊಳ್ಳಿ ರೈಟ್ರೇ” ಎಂದ. ಬೈದಿದ್ದರೆ ಕೂರಬಹುದಿತ್ತು.

ಓಡಿಹೋಗಿ ಡಬ್ಬಿ ತಂದೆ. ರಂಗಪ್ಪನ ಹೆಂಡತಿ ಮಾತ್ರೆ ನುಂಗಿದಳು. ಪಕ್ಕದ ಮನೆಯ ಗಂಗಮ್ಮ, ಲೈನಿಗೆಲ್ಲ ಹಿರಿಯಳು, ಜ್ವರದಲ್ಲೂ ಬಾಯಿ ಬಿಗಿಹಿಡಿದಳು. “ಇಷ್ಟು ದಿನ ಇಲ್ದಿದ್ದ ಪ್ರೀತಿ ಇವತ್ತೆಂಥದು? ಮೊದ್ಲು ನೀವು ನುಂಗಿ.”

ನುಂಗಿದೆ. ಮುಂದಿನ ಮನೆಗಳಲ್ಲೂ ಅದೇ ಷರತ್ತು. ನಾಲ್ಕನೆಯ ಮನೆಯ ಹೊತ್ತಿಗೆ ಕ್ವಿನೈನ್ ತಲೆಗೇರಿ ನನ್ನ ಕಿವಿಯೊಳಗೆ ಜೀರುಂಡೆಗಳು ಸಂಸಾರ ಹೂಡಿದ್ದವು. ಟೈಪು ಬಿಟ್ಟು ಲೈನಿಗೇ ಹೋಗುತ್ತೇನೆಂದಾಗ ದೊರೆ ನನ್ನ ಭವಿಷ್ಯದ ಬಗ್ಗೆ ಬಹಳ ಮರುಗಿದರಂತೆ. ನನಗೆ ಒಂದೂ ಕೇಳಿಸಲಿಲ್ಲ.

ಜ್ವರ ಇಳಿಯಿತು. ರಂಗಪ್ಪನ ಹೆಂಡತಿ ಬುಟ್ಟಿ ಹಿಡಿದು ಕೊಯ್ಲಿಗೆ ಬಂದಳು. ಕಂಪನಿಯ ಸಕಾಲಿಕ ಕಾಳಜಿಯಿಂದ ಆಳುಗಳು ಉಳಿದರೆಂಬ ವರದಿಯನ್ನು ದೊರೆಯೇ ಎರಡು ಬೆರಳಲ್ಲಿ ಹೊಡೆದರು. ತಪ್ಪುಗಳು ಅಕ್ಷರಗಳಲ್ಲೂ ಇದ್ದವು.

ಮರುವಾರ ಗಂಗಮ್ಮನ ಮನೆಯಲ್ಲಿ ಅಭ್ಯಾಸಬಲದಿಂದ ಮಾತ್ರೆಯನ್ನು ಬಾಯಿಗಿಡಲು ಹೋದೆ. “ಇನ್ಮೇಲೆ ನೀವು ನುಂಗೋದು ಬೇಡ ರೈಟ್ರೇ, ಕೊಡಿ ಇಲ್ಲಿ” ಎಂದು ಕೈ ಚಾಚಿದಳು.

ಆ ಕಂಪನಿಯಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ.