ಮಾವಿನಸರದ ನೀರೊಳಗಿನ ಗಂಟೆ

ಗುತ್ಯಪ್ಪ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಕೇಳುವುದೇ ಅವನ ನೌಕರಿಯಾಗಿತ್ತು. ನೌಕಾಪಡೆಯ ಹಡಗಿನಲ್ಲಿ, ಕಿಟಕಿಯಿಲ್ಲದ ಸೋನಾರ್ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ ಸಮುದ್ರದೊಳಗಿನ ಸದ್ದುಗಳನ್ನು ಬೇರೆ ಬೇರೆ ಮಾಡುತ್ತಿದ್ದ. ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿದರೆ ಸಿಗಡಿ. ಹಳೆಯ ಬಾಗಿಲು ನಿಧಾನವಾಗಿ ತೆರೆದಂತೆ ಕೇಳಿದರೆ ತಿಮಿಂಗಿಲ. ಒಂದೇ ಲಯದಲ್ಲಿ ಬಡಿಯುತ್ತ ಹೋದರೆ ಹಡಗಿನ ಪಂಖ. ಅದಕ್ಕೆ ಎಷ್ಟು ರೆಕ್ಕೆ ಎಂದು ಎಣಿಸಿ ಹೇಳಬೇಕು. ಇಷ್ಟೆಲ್ಲ ಕೇಳಿಬಂದವನಿಗೆ ಮಾವಿನಸರದ ಚಹಾ ಅಂಗಡಿಯ ಮಾತು ಕಸದ ಹಾಗೆ ಕಾಣುತ್ತಿತ್ತು. ಅರ್ಧಕ್ಕೇ ಎದ್ದುಬಿಡುತ್ತಿದ್ದ.

ಮಾವಿನಸರ ಹೊಸನಗರ ತಾಲ್ಲೂಕಿನ ಹಿನ್ನೀರಿನ ಅಂಚಿಗಿರುವ ಹದಿನೆಂಟು ಮನೆಗಳ ಊರು. ಅಣೆಕಟ್ಟೆಯ ನೀರು ಏರಿದಾಗ ಗೇಣಿಯ ಗದ್ದೆಗಳೂ, ಒಡೆಯರ ಮನೆಗಳೂ, ಅಮ್ಮನ ಗುಡಿಯೂ ಒಟ್ಟಿಗೇ ಮುಳುಗಿದವು. ಈಗ ಎಲ್ಲರಿಗೂ ಗುಡ್ಡದ ಮೇಲೆ ಅಷ್ಟಿಷ್ಟು ಜಮೀನಿದೆ. ಗುತ್ಯಪ್ಪನ ಅಕ್ಕ ಕೆರಿಯಮ್ಮನಿಗೆ ಅದರ ಜೊತೆ ಒಂದು ದೋಣಿ, ಎರಡು ಬಲೆ. ನೀರು ಊರೊಳಕ್ಕೆ ಕೈಯಂತೆ ಚಾಚಿಕೊಂಡ ಜಾಗದಲ್ಲಿ ಅವಳು ಮೂವತ್ತು ವರ್ಷದಿಂದ ಸಂಜೆ ನಾಲ್ಕಕ್ಕೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾಳೆ. ಗಂಡ ಸತ್ತ ಮೇಲೆ ಅವಳ ಒಲೆ ಉರಿದಿದ್ದು ಆ ಒಂದು ಕೈನೀರಿನಿಂದ.

ಈ ಬೇಸಿಗೆಯಲ್ಲಿ ಅಲ್ಲಿ ಸದ್ದು ಶುರುವಾಯಿತು. ಸಂಜೆ ದೋಣಿಯಲ್ಲಿ ಕೂತರೆ ಅಂಗಾಲಿನ ಕೆಳಗಿಂದ ಢಂ ಎಂದು ಬರುತ್ತಿತ್ತು. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ವಿವರಣೆಗಳಿಗೆ ಬರ ಬರಲಿಲ್ಲ. ಗುಡಿಯ ಒಡೆಯರ ಮನೆತನದ ಮಹಾಗಣಪತಿ, ಅದು ಮುಳುಗಿದ ಗುಡಿಯ ಗಂಟೆ, ಸಂಜೆಯ ಮಂಗಳಾರತಿ ಹೊತ್ತಿಗೇ ಬಡಿಯುತ್ತದೆ ಎಂದ. ಗೇಣಿ ಮಾಡಿದ್ದ ಮನೆಯವರಿಗೆ ಅದೇ ಸದ್ದು ಒನಕೆ ಕುಟ್ಟಿದಂತೆ ಕೇಳಿತು. ಸಾಗರ ಪೇಟೆಯಿಂದ ಬಂದವರೊಬ್ಬರು ಭೂಮಿ ಬಿರಿಯುತ್ತಿದೆ ಎಂದು ಹೆದರಿಸಿ, ಊಟ ಮುಗಿಸಿ ಹೋದರು. ಯೂಟ್ಯೂಬ್ ಚಾನೆಲ್ ನಡೆಸುವ ತೀರ್ಥಹಳ್ಳಿಯ ಅಭಿಷೇಕ ಮೊಬೈಲ್ ಹಿಡಿದು ಗುತ್ಯಪ್ಪನ ಜಗಲಿಗೆ ಬಂದ.

"ಸಾರ್, ಶಾಂತಸಾಗರದಲ್ಲೂ ಹಿಂಗೇ ಒಂದು ದೊಡ್ಡ ಸದ್ದು ಬಂದಿತ್ತಂತೆ. ತಿಮಿಂಗಿಲಕ್ಕಿಂತ ದೊಡ್ಡ ಪ್ರಾಣಿ ಅಂತೆ?"

"ಬರ್ಫು."

"ಎಂತ?"

"ಬರ್ಫು, ಮಂಜುಗಡ್ಡೆ ಒಡೆದಿದ್ದು. ದಕ್ಷಿಣದ ತುದೀಲಿ ಗುಡ್ಡದಂಥ ಬರ್ಫು ಸೀಳಿದ್ರೆ ಸಾವಿರಾರು ಮೈಲಿ ಕೇಳ್ತದೆ. ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಅಷ್ಟು ಕಂಡುಹಿಡಿದ್ರು. ನಿಮ್ಮಂಥವ್ರು ಒಂದೇ ದಿನದಲ್ಲಿ ರಾಕ್ಷಸನ್ನ ಹುಟ್ಟಿಸಿದ್ರಿ."

"ಇದನ್ನೇ ಸ್ವಲ್ಪ ನಗ್ತಾ ಹೇಳಿ ಸಾರ್, ವಿಡಿಯೋ ಮಾಡ್ತೀನಿ."

ಗುತ್ಯಪ್ಪ ಎದ್ದು ಒಳಗೆ ಹೋದ.

ಅಭಿಷೇಕನ ವಿಡಿಯೋ ಗಂಟೆಯದೇ ಆಗಿ ಹೊರಬಂತು. ಭಾನುವಾರ ಜನ ಬರತೊಡಗಿದರು. ಮಹಾಗಣಪತಿ ಸಮಿತಿ ಕಟ್ಟಿ, ಎರಡು ದೋಣಿ ಗೊತ್ತುಮಾಡಿ, ಬಂದವರನ್ನು ನೀರ ಮೇಲೆ ಕೂರಿಸಿ ಕೈಮುಗಿಸಿದ. ಆಮೇಲೆ ಶಾಲೆಯ ಜಗಲಿಯಲ್ಲಿ ಸಭೆ ಕರೆದು, ಅಮ್ಮನ ಗುಡಿಯ ಮೇಲೆ ಮೀನಿನ ಬಲೆ ಬಿಡುವುದು ಮೈಲಿಗೆ, ಕೆರಿಯಮ್ಮ ಬಲೆ ತೆಗೆಯಬೇಕು ಎಂದ.

ಗುತ್ಯಪ್ಪ ಆ ಸಭೆಗೆ ಲ್ಯಾಪ್‌ಟಾಪ್ ಹೊತ್ತು ಹೋಗಿದ್ದ. ಚಿಕ್ಕ ಮೈಕನ್ನು ಮೇಣದಲ್ಲಿ ಮುಚ್ಚಿ, ಅಕ್ಕನ ದೋಣಿಯಿಂದ ನೀರಿಗಿಳಿಸಿ ಎಂಟು ಸಂಜೆ ಸದ್ದನ್ನು ಹಿಡಿದಿದ್ದ. ಮರಿ ಕಾಯುವ ದೊಡ್ಡ ಮುರುಗೋಡು ಮೀನು ಹೊಟ್ಟೆಯ ಗಾಳಿಚೀಲವನ್ನು ಬಡಿಯುತ್ತಿದೆ ಎಂಬುದು ಅವನ ತೀರ್ಮಾನ. ಅದನ್ನು ಎಳೆಯ ಮಕ್ಕಳಿಗೆ ಪಾಠ ಹೇಳುವವನಂತೆ ಮೂರು ಸಲ ಹೇಳಿದ. ಕೊನೆಗೆ, "ಗಂಟೆಗೆ ನಾಲಿಗೆ ಬೇಕು. ಆ ಗುಡಿಯ ಗಂಟೇನ ಮುಳುಗೋ ಮೊದಲೇ ನಿಮ್ಮ ಅಜ್ಜನೇ ಬಿಚ್ಚಿ ತಂದಿದ್ದು, ನಿಮ್ಮನೆ ದೇವರ ಕೋಣೇಲಿ ನೇತಾಡ್ತಾ ಇದೆ," ಎಂದ.

ಮಹಾಗಣಪತಿಯ ಮುಖ ಕೆಂಪಾಯಿತು. ಸಭೆಯಲ್ಲಿ ಯಾರೋ, "ಮೀನಿನ ಹೊಟ್ಟೇಲಿ ಗಾಳಿ ಇದ್ರೆ ಸೋಡಾ ಕುಡಿಸ್ರಾ," ಎಂದರು. ಎಲ್ಲರೂ ನಕ್ಕರು. ಬಲೆ ತೆಗೆಯಬೇಕೆಂದು ನಿರ್ಣಯವಾಯಿತು.

"ನೀ ಬರದಿದ್ರೆ ಹದಿನೈದು ದಿನದ ಮಟ್ಟಿಗೆ ನಿಲ್ಲಿಸು ಅಂತಿದ್ರು," ಎಂದಳು ಕೆರಿಯಮ್ಮ ದಾರಿಯಲ್ಲಿ. "ನೀ ಬಂದು ಪೂರ್ತಿ ನಿಲ್ಲಿಸಿದೆ."

"ಮೂರ್ಖರು ಅಕ್ಕ."

"ಮೂರ್ಖರ ಹತ್ರ ಹೆಂಗೆ ಮಾತಾಡ್ಬೇಕು ಅಂತ ನಿನ್ನ ಹಡಗಲ್ಲಿ ಹೇಳಿಕೊಡ್ಲಿಲ್ವಾ?"

ಬಲೆ ಮನೆಯ ಗೋಡೆ ಸೇರಿತು. ಇನ್ನಷ್ಟು ಗಟ್ಟಿ ಪುರಾವೆ ತರುತ್ತೇನೆಂದು ಗುತ್ಯಪ್ಪ ಮತ್ತೆ ಮೈಕು ಇಳಿಸಿದ. ಮೊದಲ ಸಂಜೆ ಸದ್ದಿಲ್ಲ. ಎರಡನೆಯ ಸಂಜೆಯೂ ಇಲ್ಲ. ನಾಲ್ಕನೆಯ ಸಂಜೆ, ಪಶ್ಚಿಮದ ಗಾಳಿಗೆ ದೋಣಿ ತೂಗುತ್ತಿರುವಾಗ, ಅವನಿಗೆ ಕೊಚ್ಚಿಯ ತರಬೇತಿ ಶಾಲೆಯ ಮೊದಲ ದಿನದ ಮೊದಲ ವಾಕ್ಯ ನೆನಪಾಯಿತು: ಗೊತ್ತಿಲ್ಲದ ಸದ್ದು ಕೇಳಿದರೆ ಮೊದಲು ನಿನ್ನದೇ ಹಡಗನ್ನು ಅನುಮಾನಿಸು. ಅವನು ಮೈಕನ್ನು ಮೇಲೆತ್ತಿ, ಬಲೆಯಿಲ್ಲದ ನೀರನ್ನು ನೋಡಿದ.

ಮರುದಿನ ಅಕ್ಕನನ್ನು ಕರೆದುಕೊಂಡು ಹೋಗಿ, ಯಾರೂ ಇಲ್ಲದ ಹೊತ್ತಿನಲ್ಲಿ ಬಲೆಯ ಹಗ್ಗ ಕಟ್ಟಿಸಿದ. ಪ್ರತಿ ವರ್ಷ ಅವಳು ಕಟ್ಟುತ್ತಿದ್ದ ಮರದ ಬೊಡ್ಡೆ ಕಳೆದ ಮಳೆಗಾಲದಲ್ಲಿ ಬಿದ್ದುಹೋಗಿತ್ತು. ಈ ವರ್ಷ ಪಕ್ಕದ ಮತ್ತಿಬೊಡ್ಡೆಗೆ ಕಟ್ಟಿದ್ದಳು. ಅರವತ್ತು ವರ್ಷ ನೀರಲ್ಲಿ ನಿಂತು ಒಳಗೆಲ್ಲ ಟೊಳ್ಳಾಗಿ, ಬುಡ ಸಡಿಲವಾದ ಬೊಡ್ಡೆ ಅದು. ಗಾಳಿಗೆ ಅಲೆ ಎದ್ದಿತು. ಅಲೆ ಬಲೆಯನ್ನು ಜಗ್ಗಿತು, ಬಲೆ ಬೊಡ್ಡೆಯನ್ನು ಜಗ್ಗಿ ಬಿಟ್ಟಿತು. ಬೊಡ್ಡೆ ಕೆಳಗಿನ ಬಂಡೆಗೆ ಬಡಿಯಿತು.

ಢಂ.

ಕೆರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ದೋಣಿ ಅಲ್ಲಾಡುವಂತೆ ನಕ್ಕಳು. ಗುತ್ಯಪ್ಪ ನಗಲಿಲ್ಲ.

"ನಾಳೆನೇ ಸಭೇಲಿ ತೋರಿಸ್ತೀನಿ," ಎಂದ.

"ಎಂತ ತೋರಿಸ್ತೀಯಾ? ಬಲೆ ಹಾಕಿದ್ರೆ ಸದ್ದು, ತೆಗೆದ್ರೆ ಇಲ್ಲ ಅಂತನಾ?" ಅವಳ ನಗು ನಿಂತಿತ್ತು. "ಹಂಗಾದ್ರೆ ಬಲೆ ಬಿದ್ದಾಗ ಅಮ್ಮ ನರಳ್ತಾಳೆ, ತೆಗೆದ್ರೆ ಸುಮ್ಮನಾಗ್ತಾಳೆ ಅಂತಾರೆ. ಆಮೇಲೆ ನನ್ನನ್ನ ದಡಕ್ಕೂ ಬಿಡದಿಲ್ಲ."

ಗುತ್ಯಪ್ಪ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದ; ಸಿಗಲಿಲ್ಲ.

"ಬೇರೆ ಬೊಡ್ಡೆಗೆ ಕಟ್ಟಿದ್ರೆ?"

"ಸದ್ದು ಬರದಿದ್ರೆ, ಬಲೆ ದೆಸೆಯಿಂದ ಅಮ್ಮ ಊರೇ ಬಿಟ್ಲು ಅಂತಾರೆ. ನೀ ಬಾಯಿ ಮುಚ್ಕಂಡು ಇರು ತಮ್ಮಾ. ನಿನ್ನ ಕೈಲಾದ್ರೆ."

ಅವಳು ಬಲೆಯನ್ನು ಬಿಚ್ಚಿ ಮತ್ತೆ ಗೋಡೆಗೆ ತೂಗಿದಳು. ಎರಡು ಭಾನುವಾರ ಜನ ಬಂದು, ಕಿವಿಯಾನಿಸಿ, ಏನೂ ಕೇಳಿಸದೆ, ಕಾಲುನೋವು ಮಾಡಿಕೊಂಡು ಹೋದರು. ಮೂರನೆಯ ಭಾನುವಾರ ಒಂದೇ ಕಾರು ಬಂತು, ಅದೂ ದಾರಿ ತಪ್ಪಿ. ಮಹಾಗಣಪತಿ ಜ್ಯೋತಿಷಿಗಳನ್ನು ಕರೆಸಿ ಪ್ರಶ್ನೆ ಇಡಿಸಿದ. ಪ್ರಶ್ನೆ ಹೇಳಿದವರು ಊರಿನ ಸುದ್ದಿ ತಿಳಿದೇ ಬಂದವರು. ಹಳೆಯ ಹಕ್ಕಿನ ಹೆಂಗಸೊಬ್ಬಳ ಕಣ್ಣೀರು ನೀರಿಗೆ ಬಿದ್ದಿದೆ ಎಂದರು. ಮರುದಿನ ಮಹಾಗಣಪತಿ ಕೆರಿಯಮ್ಮನ ಅಂಗಳದಲ್ಲಿದ್ದ.

"ಅಮ್ಮನಿಗೆ ಬಲೆಯಿಂದ ಅಡ್ಡಿಯಿಲ್ಲವಂತೆ ಕೆರಿಯಮ್ಮ. ನಾವೇ ತಪ್ಪು ತಿಳ್ಕಂಡಿದ್ದು. ನೀ ಇವತ್ತಿಂದಲೇ ಹಾಕು."

ಕೆರಿಯಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಹಾಕ್ಬೇಡ ಅಂದಿದ್ದು ಸಭೇಲಿ. ಹಾಕು ಅನ್ನದೂ ಸಭೇಲೇ ಆಗ್ಲಿ ಒಡೆಯಾ. ಬರೆದು, ಎಲ್ಲರ ಸಹಿ ಆಗ್ಲಿ."

ಸಭೆ ಸೇರಿತು. ಕೈನೀರಿನಲ್ಲಿ ಬಲೆ ಬಿಡುವ ಹಕ್ಕು ಕೆರಿಯಮ್ಮನ ಮನೆತನದ್ದು, ಅದನ್ನು ಯಾರೂ ತಡೆಯಬಾರದು ಎಂದು ಬರೆದರು. ಸಹಿಯ ಕಾಗದ ಕೈಯಿಂದ ಕೈಗೆ ಹೋಗುತ್ತಿರುವಾಗ ಮಹಾಗಣಪತಿ ಹಿಂದಿನ ಸಾಲಿನತ್ತ ತಿರುಗಿದ.

"ನಮ್ಮ ನೌಕಾಪಡೆಯವರು ಎಂತ ಹೇಳ್ತಾರೆ? ಮುರುಗೋಡು ಮೀನು ಎಲ್ಲಿ ಹೋಯ್ತು?"

ಜನ ನಗಲು ಸಿದ್ಧರಾದರು. ಗುತ್ಯಪ್ಪ ಎದ್ದು ನಿಂತ. ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದ. ಸತ್ಯ ಕೇಳುವಷ್ಟು ಯೋಗ್ಯತೆ ಒಂದರಲ್ಲೂ ಕಾಣಲಿಲ್ಲ. ಕಾಗದಕ್ಕೆ ಇನ್ನೂ ನಾಲ್ಕು ಸಹಿ ಬಾಕಿಯಿತ್ತು. ಅಕ್ಕ ಅವನ ಕಡೆ ನೋಡಲೇ ಇಲ್ಲ.

"ನಾನು ಹೇಳಿದ್ದು ತಪ್ಪು," ಎಂದ. "ಅದು ಮೀನಲ್ಲ."

ನೌಕರಿಯುದ್ದಕ್ಕೂ ಅವನು ಹೇಳದ ಮಾತು ಅದು. ಮಾವಿನಸರ ಅದನ್ನು ಭಕ್ತಿ ಎಂದು ತಿಳಿದು ಚಪ್ಪಾಳೆ ತಟ್ಟಿತು. ಮಹಾಗಣಪತಿ ತನ್ನ ಹೆಗಲ ಶಾಲನ್ನೇ ತೆಗೆದು ಗುತ್ಯಪ್ಪನಿಗೆ ಹೊದೆಸಿದ. ಶಾಲಿಗೆ ನಶ್ಯದ ವಾಸನೆಯಿತ್ತು. ಉಳಿದ ನಾಲ್ವರೂ ಸಹಿ ಹಾಕಿದರು. ಕೆರಿಯಮ್ಮ ಕಾಗದವನ್ನು ಮಡಿಸಿ ಕುಪ್ಪಸದೊಳಗಿಟ್ಟು, ಯಾರಿಗೂ ಹೇಳದೆ ಎದ್ದು ಮನೆಯತ್ತ ನಡೆದಳು.

ಅಭಿಷೇಕ ಮೊಬೈಲ್ ಹಿಡಿದು ಅಡ್ಡ ಬಂದ. "ಹಂಗಾದ್ರೆ ಆ ಸದ್ದು ಎಂತದ್ದು ಸಾರ್? ನಿಮ್ಮ ಬಾಯಿಂದಲೇ ಹೇಳಿ."

ಗುತ್ಯಪ್ಪ ಅವನ ತಲೆಯ ಮೇಲಿಂದ ಆಚೆ ನೋಡಿದ. ಇಳಿಜಾರಿನಲ್ಲಿ ಕೆರಿಯಮ್ಮ ಬಲೆಯನ್ನು ಹೆಗಲಿಗೆ ಹಾಕಿಕೊಂಡು ನೀರಿನ ಕಡೆ ಇಳಿಯುತ್ತಿದ್ದಳು.

"ನಾಲ್ಕೂವರೆಗೆ ಗಾಳಿ ಏಳ್ತದೆ," ಎಂದ. "ಹೋಗಿ ಕೈ ಮುಗಿ."