ಪುಟ್ಟಮಾದಮ್ಮನ ಮನೆಗೆ ಸಮಿತಿ ಬಂದದ್ದು

ಮನೆಯೊಳಗೆ ಛತ್ರಿ ಬಿಚ್ಚಿಕೊಂಡು ಮುದ್ದೆ ತಿರುವುವವರನ್ನು ನನ್ನ ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ, ಉಡಿಗಾಲದ ಪುಟ್ಟಮಾದಮ್ಮನವರನ್ನು. ಛತ್ರಿಯ ಹಿಡಿಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಗಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುತ್ತಿದ್ದರು. ಮನೆಗೆ ನಾಲ್ಕು ಗೋಡೆ ಇತ್ತು, ಬಾಗಿಲಿತ್ತು, ತಾರಸಿ ಮಾತ್ರ ಇರಲಿಲ್ಲ. ಹೊರಗೆ ಹೋಗುವಾಗ ಬೀಗ ಬೇರೆ!

"ಕಳ್ಳ ಮೇಲಿಂದ ಇಳೀಬಹುದಲ್ಲಮ್ಮ?" ಅಂದರೆ, "ಇಳಿಯೋನು ಇಳ್ಕಳ್ಳಿ ಮೇಷ್ಟ್ರೇ. ಮರ್ವಾದಸ್ತರು ಬಾಗ್ಲಲ್ಲೇ ಬತ್ತಾರೆ" ಅನ್ನುತ್ತಿದ್ದರು.

ನಾನು ಆ ಊರಿನ ಶಾಲೆಯಲ್ಲಿದ್ದು, ನಿವೃತ್ತನಾಗಿ ಗುಂಡ್ಲುಪೇಟೆ ಸೇರಿದವನು. ಒಳ್ಳೆಯ ಮಾತುಗಾರ ಎಂಬ ಹೆಸರು ನನಗಿದೆ. ಅದನ್ನು ಹಬ್ಬಿಸಿದವನೂ ನಾನೇ. ನಾನು ಮೈಕ್ ಹಿಡಿದರೆ ಊಟಕ್ಕೆ ಎಲೆ ಹಾಕುವವರು ಎಲೆ ಮಡಿಸಿ ಒಳಗಿಡುತ್ತಾರಂತೆ. ಅದನ್ನೂ ನಾನು ಗೌರವ ಅಂತಲೇ ತಿಳಿದಿದ್ದೆ.

ಪುಟ್ಟಮಾದಮ್ಮನವರ ಮಗಳನ್ನು ಕೊಟ್ಟದ್ದು ನಮ್ಮ ಗುಂಡ್ಲುಪೇಟೆಗೇ. ಆ ವರ್ಷ ಅವಳು ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಹಸುಗೂಸನ್ನು ಛತ್ರಿಯ ಕೆಳಗೆ ಮಲಗಿಸಲಾದೀತೆ? ತಾರಸಿಯ ದುಡ್ಡು ಕೇಳಿದರೆ ವಸತಿ ಕಚೇರಿಯವರು "ಬ್ಯಾಂಕಿಗೆ ಹೋಗಿ" ಅನ್ನುತ್ತಿದ್ದರು. ಬ್ಯಾಂಕಿನವರು "ವಸತಿ ಕಚೇರಿಗೆ ಹೋಗಿ" ಅನ್ನುತ್ತಿದ್ದರು. ಆಯಮ್ಮ ಚಾಮರಾಜನಗರದ ಬಸ್ಸು ಹತ್ತಿ ಇಳಿದು ಸವೆದಿದ್ದರು.

ಅಷ್ಟರಲ್ಲಿ ವಿಧಾನಸಭೆಯ ಸಮಿತಿಯೊಂದು ಜಿಲ್ಲೆಗೆ ಬರುತ್ತದೆಂದು ಸುದ್ದಿಯಾಯಿತು. ಬ್ಯಾಂಕುಗಳು ಬಡವರ ಮನೆಗೆ ಸಾಲ ಕೊಡುತ್ತಿವೆಯೋ ಇಲ್ಲವೋ, ವಸತಿ ಯೋಜನೆ ಎಲ್ಲಿಗೆ ಬಂತೋ, ಎರಡನ್ನೂ ನೋಡುವ ಸಮಿತಿ.

"ಅದೇನ್ ಕೊಡ್ತದೆ ಮೇಷ್ಟ್ರೇ?"

"ಏನೂ ಕೊಡೋದಿಲ್ಲಮ್ಮ. ಕೇಳುತ್ತೆ, ಬರೆಸಿಕೊಳ್ಳುತ್ತೆ, ವಿಧಾನಸಭೆಯ ಮುಂದೆ ಇಡುತ್ತೆ."

"ಅತ್ತೆ ಇದ್ದಂಗೆ ಅನ್ನಿ. ತಾನು ಒಲೆ ಮುಂದೆ ಕೂರಕ್ಕಿಲ್ಲ, ಸಾರ್ಗೆ ಉಪ್ಪು ಯಾಕಿಲ್ಲ ಅಂತ ಕೇಳ್ತದೆ. ಬರ್ಲಿ ಬುಡಿ. ಅತ್ತೆ ಕೇಳುದ್ರೇ ಉಪ್ಪು ಬೀಳಾದು."

ತಮ್ಮ ಮನೆಯನ್ನೂ ನೋಡಬೇಕೆಂದು ಸಮಿತಿಗೆ ಅರ್ಜಿ ಹಾಕಿ ಒಪ್ಪಿಸಿದರು. ಆಮೇಲೆ ಎಲೆ ಅಡಿಕೆ ಹಿಡಿದು ಗುಂಡ್ಲುಪೇಟೆಯ ನನ್ನ ಮನೆಗೇ ಬಂದರು. "ಸ್ವಾಗತ ಭಾಷಣ ನೀವೇ ಮಾಡ್ಬೇಕು. ಬ್ಯಾರೆಯೋರು ಬ್ಯಾಡ." ನಾನು ಉಬ್ಬಿಹೋದೆ. ಹೊಸ ಜುಬ್ಬಾ ಹೊಲಿಸಿದೆ.

ಆ ದಿನ ನಡುಮಧ್ಯಾಹ್ನ ಶಾಸಕರನ್ನೂ ಅಧಿಕಾರಿಗಳನ್ನೂ ಹೊತ್ತು ಕಾರುಗಳು ಬಂದವು. ತಾರಸಿಯಿಲ್ಲದ ಗೋಡೆಗಳ ನಡುವೆ ಕುರ್ಚಿ ಹಾಕಿತ್ತು. ಮೂಲೆಯ ಒಲೆಯ ಮೇಲೆ ಹೊಸ ಮಡಕೆ. "ಎರಡು ನಿಮಿಷ ಅಷ್ಟೇ" ಅಂದರು ಸಮಿತಿಯ ಅಧ್ಯಕ್ಷರು. ಪುಟ್ಟಮಾದಮ್ಮ ಕೈ ಮುಗಿದರು. "ಆಗ್ಲಿ ಸ್ವಾಮಿ. ಹಾಲ್ ಮಡಗಿವ್ನಿ. ಹೊಸ ಮನೇಲಿ ಹಾಲುಕ್ಕೋ ಮುಂಚೆ ಎದ್ರೆ ಮನೆಗೂ ಆಗಕ್ಕಿಲ್ಲ, ಎದ್ದೋರ್ಗೂ ಆಗಕ್ಕಿಲ್ಲ."

ಶಾಸಕರಿಗೆ ಶಕುನದ ಭಯ ನಮಗಿಂತ ಹೆಚ್ಚು. ಆಡಳಿತ ಪಕ್ಷದವರು, ವಿರೋಧದವರು ಎಲ್ಲರೂ ಕೂತರು. ನನ್ನ ಕೈಗೆ ಮೈಕ್ ಬಂತು.

ಮನುಷ್ಯ ಗುಹೆ ಬಿಟ್ಟು ಹೊರಗೆ ಬಂದಲ್ಲಿಂದ ಶುರು ಮಾಡಿದೆ. ಗುಹೆಗಾದರೂ ಸೂರಿತ್ತು ಅಂತ ನನಗೆ ಹೊಳೆಯಲಿಲ್ಲ. ಗುಡಿಸಲಿಗೆ ಬರುವ ಹೊತ್ತಿಗೆ ಸದಸ್ಯರು ಕರ್ಚೀಫು ತೆಗೆದು ಮುಖ ಒರೆಸಿಕೊಳ್ಳತೊಡಗಿದರು. ಕರಗಿ ಅಳುತ್ತಿದ್ದಾರೆ ಅಂದುಕೊಂಡು ಇನ್ನಷ್ಟು ಎಳೆದೆ. ಹೆಂಚಿನ ಮನೆಗೆ ಬರುವಾಗ ಅಧ್ಯಕ್ಷರು ಫೈಲನ್ನು ತಲೆಯ ಮೇಲೆ ಇಟ್ಟುಕೊಂಡಿದ್ದರು. ನಾನು ತಾರಸಿ ಮುಟ್ಟುವ ಮೊದಲೇ ಅವರು ಕೂತಲ್ಲಿಂದಲೇ ಕೈ ಎತ್ತಿದರು.

"ಮೇಷ್ಟ್ರೇ, ಸಾಕು! ಅಲ್ರೀ, ಈ ಮನೆಗೆ ತಾರಸಿ ಯಾಕಿಲ್ಲ?"

ವಸತಿ ಅಧಿಕಾರಿ ಮುಂದೆ ಬಂದರು. "ಬ್ಯಾಂಕಿನ ಸಾಲ ಆದ ಮೇಲೆ ನಮ್ಮ ಕೊನೇ ಕಂತು ಸಾರ್."

ಬ್ಯಾಂಕ್ ಮ್ಯಾನೇಜರ್ ಅಂದರು, "ತಾರಸಿ ಬಿದ್ದ ಮೇಲೆ ನಮ್ಮ ಸಾಲ ಸಾರ್."

"ನಿಮ್ಮ ಕಚೇರಿಗಳು ಇರೋದು ಒಂದೇ ಊರಲ್ಲಿ ತಾನೆ? ಯಾವತ್ತಾದ್ರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದೀರಾ?"

ಇಬ್ಬರೂ ಅಲ್ಲೇ ಒಬ್ಬರಿಗೊಬ್ಬರು ಹೆಸರು ಹೇಳಿಕೊಂಡರು.

"ಇಲ್ಲೇ ಮಾತಾಡ್ಕೊಳ್ಳಿ. ಯಾರು ಮೊದಲು ಅಂತ ನಡಾವಳಿಯಲ್ಲಿ ಬರೆಸ್ತೀನಿ. ನಾಳೆ ಸದನ ಕೇಳಿದ್ರೆ ನೀವೇ ಉತ್ತರ ಹೇಳ್ಬೇಕು."

"ಬೇಗ ಮಾತಾಡ್ರಪ್ಪಾ, ನೆತ್ತಿ ಸುಡ್ತಾ ಇದೆ" ಅಂದರು ವಿರೋಧದ ಶಾಸಕರೊಬ್ಬರು. ಆ ಒಂದು ವಿಷಯದಲ್ಲಿ ಎರಡೂ ಪಕ್ಷಕ್ಕೆ ಒಮ್ಮತವಿತ್ತು.

ಮ್ಯಾನೇಜರೇ ಸೋತರು. ಗೋಡೆ ನೋಡಿಯೇ ಸಾಲ ಕೊಡುವುದೆಂದಾಯಿತು. ಅದನ್ನು ಬರೆಸಿ ಆದದ್ದನ್ನು ಕಂಡ ಮೇಲೆ ಪುಟ್ಟಮಾದಮ್ಮ ಒಲೆಯ ಹಸಿಸೌದೆ ಈಚೆಗೆ ಎಳೆದು ಒಣಸೌದೆ ತುರುಕಿದರು. ಹಾಲು ಉಕ್ಕಿತು.

ಕಾರುಗಳು ಹೋದ ಮೇಲೆ ನೀರು ಕುಡಿಯಲು ಹಿತ್ತಿಲಿಗೆ ಹೋದೆ. ಪಂಚಾಯ್ತಿಯವರು ಕಳಿಸಿದ್ದ ಶಾಮಿಯಾನ ಅಲ್ಲಿ ಸುತ್ತಿದ ಹಾಗೇ ಬಿದ್ದಿತ್ತು.

"ಇದ್ಯಾಕಮ್ಮ ಕಟ್ಟಿಸಲಿಲ್ಲ?"

"ನೆಳ್ಳು ಮಾಡ್ಬುಟ್ರೆ ತಾರಸಿ ಇಲ್ಲ ಅಂತ ಅವರ್ಗೆ ಯೆಂಗೆ ಗೊತ್ತಾದದು?"

ನನಗೆ ಏನೋ ಅನುಮಾನ ಬಂತು. "ಮತ್ತೆ ನನ್ನ ಭಾಷಣ?"

"ಸಂತೆಮರಳ್ಳಿ ಸಂತೇಲೆಲ್ಲ ನಾನೇ ಕೇಳ್ದಿ ಮೇಷ್ಟ್ರೇ, ಯಾರ್ ಮಾತು ಬ್ಯಾಗ ಮುಗಿಯಕ್ಕಿಲ್ಲ ಅಂತ. ಎಲ್ರೂ ನಿಮ್ ಎಸರೇ ಯೋಳುದ್ರು."

ನನ್ನ ಬೋಳುತಲೆ ಬಿಸಿಲಿಗೆ ಸುಲಿದು ಮತ್ತೆ ಚರ್ಮ ಬರುವಷ್ಟರಲ್ಲಿ ಅವರ ಮನೆಗೆ ತಾರಸಿ ಬಿತ್ತು. ಬಾಣಂತನ ಅದರ ಕೆಳಗೇ ಆಯಿತು. ಮಗುವಿನ ನಾಮಕರಣಕ್ಕೆ ಕರೆದಾಗ ಬಾಗಿಲಲ್ಲೇ ಎಚ್ಚರಿಸಿದರು. "ಇವತ್ತು ಎಲ್ಡೇ ಮಾತು ಮೇಷ್ಟ್ರೇ. ಈಗ ನೆಳ್ಳದೆ, ನೀವ್ ಎಷ್ಟ್ ಮಾತಾಡುದ್ರೂ ಯಾರ್ಗೂ ಬಿಸ್ಲು ತಾಕಕ್ಕಿಲ್ಲ. ಸುಮ್ಕೆ ದಂಡ." ನಾನು ಕೇಳಲಿಲ್ಲ. ಮಗು ಅತ್ತು ನನ್ನನ್ನು ಕೂರಿಸಿತು.

ಹೋದ ವರ್ಷ ಪುಟ್ಟಮಾದಮ್ಮ ಹೋಗಿಬಿಟ್ಟರು. ತಿಥಿಯ ದಿನ ಅದೇ ಮನೆಯಲ್ಲಿ ಮಗಳು ನನ್ನ ಕೈಗೆ ಮೈಕ್ ಕೊಟ್ಟಳು. "ಅವ್ವನ ಬಗ್ಗೆ ಮಾತಾಡಿ ಮೇಷ್ಟ್ರೇ. ಎಷ್ಟೊತ್ತಾದ್ರೂ ಆಗ್ಲಿ." ಎದ್ದು ನಿಂತೆ. ಛತ್ರಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೇಲೆ ನೋಡಿದೆ. ಹೊರಗೆ ಉರಿಬಿಸಿಲು, ಒಳಗೆ ಎಲ್ಲರೂ ತಣ್ಣಗೆ ಕೂತಿದ್ದರು.

"ನೆರಳಾಯ್ತು, ತಾಯಿ" ಅಂದೆ. ಕೂತುಬಿಟ್ಟೆ.

ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ನೋಡ್ಲಾ, ಮೈಕ್ ಕೆಟ್ಟೋಯ್ತೇನೋ."