ಡಾಕ್ಟರು ಕಲಿತ ಒಂದು ಮಾತು

ನಮ್ಮ ದನದಾಸ್ಪತ್ರೆಯಲ್ಲಿ ದುಡಿದು ತೀರಿಕೊಂಡ ಇಬ್ಬರು ಡಾಕ್ಟರುಗಳ ಪಟ ತೆರೆಯುವ ದಿನ ನಾನೇ ಭಾಷಣ ಮಾಡಬೇಕೆಂದು ಹಿರಿಯರು ತೀರ್ಮಾನಿಸಿದರು. ಕಾರಣ ಇಷ್ಟೇ, ನನಗೆ ಕನ್ನಡ ಓದಲು ಬರುತ್ತದೆ. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಜನ ಮನೆಯಲ್ಲಿ ಆಡುವುದು ಕನ್ನಡ, ಓದಿ ಬರೆಯುವುದು ತಮಿಳು. ಮಕ್ಕಳಿಗೆ ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ಮೊಬೈಲು ನೋಡಿ ಅಕ್ಷರ ಕಲಿತ ನಾನು ಪಂಡಿತನಾಗಿದ್ದೆ. ಬೋಡಿ ಪೇಟೆಯ ನನ್ನ ಏಲಕ್ಕಿ ಅಂಗಡಿಯಲ್ಲಿ ಕೂತು, ಬಂದ ಗಿರಾಕಿಗಳನ್ನು ಕಾಯಿಸಿ ಭಾಷಣ ಬರೆದೆ. 'ಪಶುವೈದ್ಯಕೀಯ ಕ್ಷೇತ್ರದ ಧ್ರುವತಾರೆಗಳು' ಎಂದು ಬರೆದಾಗ ನನಗೇ ರೋಮಾಂಚನವಾಯಿತು.

ಧ್ರುವತಾರೆಗಳಿಬ್ಬರೂ ತಮಿಳರು. ಆಸ್ಪತ್ರೆ ಶುರು ಮಾಡಿದವರು ದೊಡ್ಡ ಡಾಕ್ಟರು. ನಮ್ಮ ಕುಲದವರು ದೇವರಿಗೆ ಬಿಟ್ಟ ಹಸುಗಳ ದೊಡ್ಡಿಯೊಂದಿದೆ. ಆ ಹಸುಗಳಿಗೆ ಸೂಜಿ ಚುಚ್ಚಬಾರದೆಂದು ಹಿರಿಯರ ಹಟ. ಕಾಯಿಲೆ ಬರುವುದು ದೇವರಿಗಲ್ಲ, ಹಸುವಿಗೆ ಎಂದು ಜಗಳವಾಡಿ ಅವರು ದೊಡ್ಡಿಯ ಪಕ್ಕದಲ್ಲೇ ತಗಡಿನ ಸೂರು ಹಾಕಿಸಿದರು. ಅವರು ತೀರಿಕೊಂಡ ಮೇಲೆ ಆಸ್ಪತ್ರೆಗೆ ಬೀಗ ಬೀಳದಂತೆ ಕಾದವರು ದಿಂಡಿಗಲ್ಲಿನ ಚಿಕ್ಕ ಡಾಕ್ಟರು.

ಚಿಕ್ಕ ಡಾಕ್ಟರು ಬಂದ ಹೊಸತರಲ್ಲಿ ನಮ್ಮ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಅವ್ವನಿಗೆ ತಮಿಳು ಬರುತ್ತದಾದರೂ ಗಾಬರಿಯಾದರೆ ಬಾಯಿಂದ ಹೊರಡುವುದು ಕನ್ನಡವೇ. ಅದಕ್ಕೆಂದು ದುಭಾಷಿಯಾಗಿ ನಾನು ನಿಂತೆ. ಆಗಷ್ಟೇ ಕಾಲೇಜು ಮುಗಿಸಿದ ಗತ್ತು ಬೇರೆ. ಡಾಕ್ಟರು ಭುಜದವರೆಗೆ ಕೈ ಒಳಗೆ ಹಾಕಿದ್ದೇ ತಡ, ದುಭಾಷಿ ಹುಲ್ಲಿನ ಮೇಲೆ ಬಿದ್ದ. ಈಯುವ ಹಸು ನಿಂತಿತ್ತು, ನಾನು ಮಲಗಿದ್ದೆ. ಕರು ಹೊರಬಂತು. ಡಾಕ್ಟರು ಬೆವರು ಸುರಿಸುತ್ತ ಅದರ ಮೈ ಉಜ್ಜುತ್ತಲೇ ಇದ್ದರು. ಪಾಪ, ದಣಿದಿದ್ದಾರೆ, ಕೈ ತೊಳೆದು ಕಾಪಿ ಕುಡಿಯಲಿ ಎಂದು ಅವ್ವನಿಗೆ ಅನ್ನಿಸಿತು.

"ಸಾಗು ಸಾಮಿ, ಸಾಗು" ಅಂದಳು.

ಅವಳು ಹೇಳಿದ್ದು 'ಸಾಕು' ಎಂದು. ತಮಿಳು ಗಾಳಿ ತಾಗಿ ನಮ್ಮವರ ಬಾಯಲ್ಲಿ ಕಕಾರ ಮೆತ್ತಗಾಗಿದೆ. ತಮಿಳಿನ ಕಿವಿಗೆ ಸಾಗು ಎಂದರೆ ಸಾಯಿ.

ಡಾಕ್ಟರು ಕರು ಬಿಟ್ಟು ಎದ್ದು ನಿಂತರು. "ಏಮ್ಮಾ, ನಾನ್ ಸಾಗಣುಮಾ?" ಇಷ್ಟೆಲ್ಲ ಮಾಡಿದ ನಾನು ಸಾಯಬೇಕಾ ಎಂದು ಅವರ ಪ್ರಶ್ನೆ. ಅವ್ವ ಕಂಗಾಲಾದಳು. ದುಭಾಷಿಗೆ ಎಚ್ಚರವಾಗಿ ಅರ್ಥ ಬಿಡಿಸಿ ಹೇಳುವ ಹೊತ್ತಿಗೆ ಕಾಪಿ ಆರಿತ್ತು. ಆಮೇಲೆ ಅವರಿಗೆ ಆ ಮಾತೇ ಅಚ್ಚುಮೆಚ್ಚಾಯಿತು. ನಮ್ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಎಲೆಗೆ ಕೈ ಅಡ್ಡ ಹಿಡಿದು 'ಸಾಗು' ಎಂದು ನಗುತ್ತಿದ್ದರು.

ಪಟ ತೆರೆದ ದಿನ ನಾನು ಜರಿ ಶಲ್ಯ ಹೊದ್ದು ಭಾಷಣಕ್ಕೆ ನಿಂತೆ. ಧ್ರುವತಾರೆಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯರು ಇದು ಯಾವ ಪೂಜೆಯ ಮಂತ್ರ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಕೊನೆಗೆ ಅವ್ವನೇ ಕೂತಲ್ಲಿಂದ ಹೇಳಿದಳು.

"ಸಾಗು ಮಗಾ. ಪಾಯಸ ಆರ್ತದೆ."

ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ, ಚಿಕ್ಕ ಡಾಕ್ಟರ ಮಗಳು. ನಾನು ಶಲ್ಯ ಮಡಿಸಿಕೊಂಡು ಇಳಿದಾಗ ಹತ್ತಿರ ಬಂದು, ಆ ಪಾಟಿ, ಅಂದರೆ ಅಜ್ಜಿ, ಹೇಳಿದ ಮಾತೇನು ಎಂದು ತಮಿಳಿನಲ್ಲಿ ಕೇಳಿದಳು. ಅಪ್ಪನ ಕೊನೆಯ ದಿನಗಳಲ್ಲಿ ಇವಳು ಗಂಜಿ ಕುಡಿಸಲು ಹೋದರೆ, ಅವರು ಚಮಚಕ್ಕೆ ಕೈ ಅಡ್ಡ ಹಿಡಿದು ಅದನ್ನೇ ಹೇಳುತ್ತಿದ್ದರಂತೆ. ಅಷ್ಟು ನೋಡಿಕೊಂಡ ನನ್ನನ್ನು ಅಪ್ಪ ಸಾಯಿ ಎಂದರಲ್ಲ, ನಾನು ಏನು ತಪ್ಪು ಮಾಡಿದೆ ಎಂದು ಇವಳು ಇಂದಿಗೂ ಒಳಗೇ ಬೇಯುತ್ತಿದ್ದಳು.

ನನ್ನ ಹಾಳೆಯಲ್ಲಿದ್ದ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ. ಅದು ನಮ್ಮ ಮಾತು, ಹೊಟ್ಟೆ ತುಂಬಿದವರು ಬಡಿಸುವವರಿಗೆ ಹೇಳುವ ಮಾತು, ನಿಮ್ಮಪ್ಪ ನಮ್ಮ ಮನೆಯಲ್ಲಿ ಕಲಿತರು ಎಂದೆ. ಈ ಸಲ ದುಭಾಷಿ ಬೀಳಲಿಲ್ಲ.

ಊಟಕ್ಕೆ ಅವಳು ನನ್ನ ಎದುರು ಸಾಲಿನಲ್ಲಿ ಕೂತಳು. ಅವ್ವ ಎರಡನೇ ಸಲ ಪಾಯಸ ತಂದಾಗ ಎಲೆಗೆ ಕೈ ಅಡ್ಡ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ, "ಸಾಗು ಪಾಟಿ" ಅಂದಳು.

ಅವ್ವ ಅವಳ ಕೈ ಸರಿಸಿ ಇನ್ನೊಂದು ಸೌಟು ಹಾಕಿದಳು.